ತಂತಿಯ ಮೇಲೆ

ವಾಲ್ಪರೈಸೊದಲ್ಲಿ ಹಡಗಿಳಿದವರು
ಮೊದಲು ಹುಡುಕುವುದು ಹಗ್ಗ ಹಿಡಿದು ಗುಡ್ಡವೇರುವ
ಆ ಮರದ ಪೆಟ್ಟಿಗೆ.
ಚಿಲ್ಲರೆ ಕೊಟ್ಟರೆ ಹತ್ತಿಸುತ್ತದೆ,
ಕಿರ್ರೆಂದು, ಮಂಡಿನೋವಿನವರ ಹಾಗೆ ಗೊಣಗುತ್ತ.

ಮೇಲೆ ಬಣ್ಣ ಬಳಿದ ತಗಡಿನ ಮನೆಗಳು,
ಗೋಡೆಗೊಂದು ತಿಮಿಂಗಿಲ, ಮೆಟ್ಟಿಲಿಗೊಂದು ನಾಯಿ.
ಕೆಳಗೆ ಬೂದು ಯುದ್ಧನೌಕೆಗಳು.
ನಡುವೆ ಎದುವಿಹೆಸ್ ಬಟ್ಟೆ ಒಣಹಾಕುವ ತಂತಿ.
ಕ್ಯಾಮೆರಾಗಳೆಲ್ಲ ನಿಲ್ಲುವುದು ಅಲ್ಲೇ.

ನಿನ್ನೆ ಚೌಕದ ಅಂಗಡಿಯಲ್ಲಿ
ಅವಳದೇ ಲಂಗ
ಪೋಸ್ಟ್‌ಕಾರ್ಡಿನೊಳಗೆ ತೂಗುತ್ತಿತ್ತು.
"ಇದು ನನ್ನದು ಕಣಯ್ಯಾ."
"ಲಂಗ ನಿಮ್ಮದೇ ಅಮ್ಮಾ, ಕಾರ್ಡು ನಂದು. ಐನೂರು ಪೆಸೊ."
ಬೈದುಕೊಂಡೇ ಕೊಂಡಳು.

ಮನೆಯಲ್ಲಿ ಕನ್ನಡಕ ಏರಿಸಿ ನೋಡಿದರೆ
ಹೋದ ಆಗಸ್ಟಿನ ಗಾಳಿ
ಕಡಲಿಗೆ ಕೊಟ್ಟುಬಿಟ್ಟಿದ್ದ ಹಸಿರು ಕಾಲುಚೀಲ
ತನ್ನ ಜೊತೆಯದರ ಪಕ್ಕ
ಕ್ಲಿಪ್ಪು ಕಚ್ಚಿಕೊಂಡು, ಒದ್ದೆಯಾಗಿ,
ಇನ್ನೂ ಅಲ್ಲೇ.