ಕೊಕ್ಕೆಯ ಜಾಗ

ಇಪ್ಪತ್ತೊಂಬತ್ತು ವರ್ಷ ಎರಡನ್ನೂ ಎಳೆದಿದ್ದೇನೆ.
ಐಫೆಲ್ ಬೆಟ್ಟದ ರೇಸಿನ ದಾರಿಯಲ್ಲಿ
ಭಾನುವಾರ ಸಂಜೆ ಏನಾದರೂ ಆಗಿ ಫೋನು ಬಡಿದುಕೊಂಡರೆ
ತಟ್ಟೆ ಮುಚ್ಚಿಟ್ಟು ಹೊರಡುವವಳು ನಾನು,
ಕಿತ್ತಳೆ ದೀಪ ತಿರುಗಿಸುತ್ತ,
ಟ್ರಕ್ಕಿನಲ್ಲಿ ಸರಪಳಿ, ಮರಳು, ಪೊರಕೆ.
ಹೌದು, ಪೊರಕೆ. ಗಾಜು ಗುಡಿಸಬೇಕಲ್ಲ.

ಸ್ಟುಟ್‌ಗಾರ್ಟಿನದು ಹಿಂದುಮುಂದಾಗಿ ಹೋಗಿ ಗುದ್ದುತ್ತದೆ:
ಎಂಜಿನ್ನು ಬಾಲದಲ್ಲಿ; ತಿರುವಿನಲ್ಲಿ ಹೆದರಿ ಕಾಲೆತ್ತಿದಿರೋ
ಬಾಲವೇ ತಲೆಯಾಗುತ್ತದೆ.
ಮೊದೆನಾದ್ದು ಹಾಗಲ್ಲ. ಭಾರ ನಡುವಿನಲ್ಲಿ, ಬುಗುರಿಯ ಜಾತಿ,
ಕೊನೆಯ ಗಳಿಗೆಯವರೆಗೂ ಹೇಳಿದ ಮಾತು ಕೇಳುತ್ತದೆ,
ಆಮೇಲೆ ಕೇಳುವುದೇ ಇಲ್ಲ.
ಇದನ್ನು ಯಾವ ಪತ್ರಿಕೆಯೂ ನನಗೆ ಹೇಳಿದ್ದಲ್ಲ.
ಡಾಂಬರಿನ ಮೇಲೆ ಟೈರು ಬರೆದ ಕಪ್ಪು ಬರಹ ಓದಿದ್ದು,
ಮಳೆ ಅಳಿಸುವ ಮೊದಲು.

ಈಗ ಗ್ಯಾರೇಜು ಮಾರಿ ಆಯಿತು. ಮೊಣಕಾಲು ಸರಪಳಿಗೆ ಬಗ್ಗಲೊಲ್ಲದು.
ಕೈಯಲ್ಲಿ ದುಡ್ಡು, ಹೊಟ್ಟೆಯಲ್ಲಿ ಒಂದು ನಾಚಿಕೆಗೇಡಿ ಆಸೆ.
ಕಲೋನಿನ ಅಂಗಡಿಯಲ್ಲಿ ಎರಡೂ ನಿಂತಿವೆ, ಅಕ್ಕಪಕ್ಕ,
ಸೆಕೆಂಡ್ ಹ್ಯಾಂಡು, ಒಂದೇ ವಯಸ್ಸು,
ಬೆಲೆಯಲ್ಲಿ ಒಂದು ಹೊಸ ಅಡುಗೆಮನೆಯಷ್ಟು ಅಂತರ.
ಆ ಊರಿನದು ಬಿಳಿ, ಈ ಊರಿನದು ಹಳದಿ.
ನೋಡಿ ತಬ್ಬಿಬ್ಬಾದೆ:
ಇವಕ್ಕೆ ಇಡಿಯಾದ ಮುಖ ಇರುತ್ತದೆಂಬುದೇ ಮರೆತುಹೋಗಿತ್ತು.

ಟೀಲೋ ಎಂಬ ಹುಡುಗ, ಗರಿಗರಿ ಕಾಲರು, ಬಾಯಿಪಾಠ ಒಪ್ಪಿಸಿದ:
ಸೊನ್ನೆಯಿಂದ ನೂರಕ್ಕೆ ಇದು ಮೂರು ಮುಕ್ಕಾಲು, ಅದು ಮೂರೂವರೆ.
"ಆ ಕಾಲು ಸೆಕೆಂಡಿಗೆ, ಫ್ರಾವ್ ಕೆಸೆನಿಷ್, ಜನ ಮನೆ ಮಾರುತ್ತಾರೆ."
ಕಾಲು ಸೆಕೆಂಡು ನನಗೆ ಗೊತ್ತು ಮರಿ, ಅಂದೆ.
ಆ ನವೆಂಬರಿನಲ್ಲಿ ಡಚ್ ದಂತವೈದ್ಯನೊಬ್ಬ
ಬ್ರೇಕಿನ ಮೇಲೆ ಕಾಲಿಡಲು ತಡಮಾಡಿದ್ದು ಅಷ್ಟೇ.
ಅವನು ಹೊರಗೆ ಬಂದು, ನೆಟ್ಟಗೆ ನಿಂತು,
ನನ್ನ ಒಂದು ಬೂಟು ಕಾಣುತ್ತಿಲ್ಲ ಎಂದ.
ಇಬ್ಬರೂ ಬ್ಯಾಟರಿ ಹಿಡಿದು ಅರ್ಧ ತಾಸು ಹುಡುಕಿದೆವು.
ಅದು ಬಿಳಿಯದರ ಜಾತಿ. ಹಳದಿಯದರಲ್ಲೂ ಇಂಥ ಕಥೆಗಳಿವೆ.
ಇಂಥವಲ್ಲದವೂ ಇವೆ, ಎರಡರಲ್ಲೂ.
ಲೆಕ್ಕ ಇಟ್ಟಿಲ್ಲ. ಇಡಬಾರದು.

ಓಡಿಸಿ ನೋಡಿದೆ.
ಬಿಳಿಯದರ ಸ್ಟೀರಿಂಗು ರಸ್ತೆಯ ಒಂದೊಂದು ಕಲ್ಲನ್ನೂ
ಹೆಸರು ಹಿಡಿದು ಅಂಗೈಗೆ ವರದಿ ಮಾಡಿತು,
ಚಾಡಿ ಹೇಳುವ ನೆರೆಮನೆಯವಳಂತೆ.
ಹಳದಿಯದು ಮಾತ್ರ ಮುಳ್ಳು ಆರು ಸಾವಿರ ದಾಟಿದ ಮೇಲೆ...
ಹೇಗೆ ಹೇಳಲಿ, ಬೆನ್ನ ಹಿಂದೆಯೇ ಯಾರೋ
ರೇಷ್ಮೆಯ ಥಾನು ಸರ್ರನೆ ಸೀಳಿದ ಹಾಗೆ.
ಅರವತ್ತೆರಡರ ಹೆಂಗಸು, ಹೋ ಎಂದು ಕೂಗಿಬಿಟ್ಟೆ.
ಟೀಲೋ ಕಿಟಕಿಯ ಕಡೆ ತಿರುಗಿ ನಕ್ಕ.

ಅಳೆದೂ ಸುರಿದೂ ಮಧ್ಯಾಹ್ನವಾಯಿತು.
ವಿಮೆಯಲ್ಲಿ ಬಿಳಿಯದು ಗೆದ್ದಿತು. ಜಾಗದಲ್ಲೂ:
ವಾರದ ಆಲೂಗಡ್ಡೆ ಮೂತಿಯಲ್ಲಿ, ನಾಯಿ ಹಿಂದಿನ ಸೀಟಿನಲ್ಲಿ.
ಹಳದಿಯದರಲ್ಲಿ ನಾಯಿಯೋ ಆಲೂಗಡ್ಡೆಯೋ
ಹೊರಡುವ ಮೊದಲೇ ತೀರ್ಮಾನಿಸಬೇಕು.

ಕೊನೆಗೆ ಕೇಳಿದೆ: ಎಳೆಯುವ ಕೊಕ್ಕೆ ಎಲ್ಲಿ ಸಿಕ್ಕಿಸುವುದು?
ಟೀಲೋ ಪುಸ್ತಕ ತೆರೆದ. ಫೋನು ತೆರೆದ.
"ಅದರ ಅಗತ್ಯ ಬೀಳುವುದಿಲ್ಲ" ಎಂದ.
ಮಂಡಿಯೂರಿದೆ, ಮೊಣಕಾಲು ಬೈಯಿತು.
ಎರಡರ ಮೂತಿಯಲ್ಲೂ ಅದೇ ಬಣ್ಣದ, ನಾಣ್ಯದಗಲದ ಮುಚ್ಚಳ;
ಉಗುರಿನಿಂದ ಒತ್ತಿದರೆ ಹೊಕ್ಕುಳು ತೆರೆಯುತ್ತದೆ.
ಇಷ್ಟು ಜಂಬದ ಎರಡು ಪ್ರಾಣಿಗಳು,
ಇನ್ನೊಬ್ಬರ ಕೈಗೆ ಸಿಗಲೆಂದು
ಹುಟ್ಟುವಾಗಲೇ ಒಂದು ತೂತು ಹೊತ್ತು ಬಂದಿವೆ.

ಹಳದಿಯದನ್ನು ಕೊಂಡೆ. ಕಾರಣ ಕೇಳಬೇಡಿ.
ಆ ಹೋ ಎಂಬುದಕ್ಕೆ ಎಂದಿಟ್ಟುಕೊಳ್ಳಿ.
ಊರು ಮುಟ್ಟುವಾಗ ಮಂಜು ಬೀಚ್ ಮರಗಳ ಸೊಂಟದವರೆಗೆ ಇಳಿದಿತ್ತು.
ಎದುರಿಗೆ ನನ್ನ ಹಳೆಯ ಟ್ರಕ್ಕು, ಒಳಗೆ ಅದನ್ನು ಕೊಂಡ ಗೆರ್‌ವಿನ್.
ಕಾರು ನೋಡಿದ, ನನ್ನನ್ನು ನೋಡಿದ,
ಕಿತ್ತಳೆ ದೀಪ ಒಂದೇ ಸುತ್ತು ತಿರುಗಿಸಿದ.
ನಮಸ್ಕಾರವೋ, ಅಂದಾಜೋ.