ಹಿಮದ ಕಣ್ಣಿಗೆ ಮಣ್ಣು

ಹಿಮ ಬೀಳುವ ಮೊದಲೇ ಮಣ್ಣನ್ನು ಮನೆಯೊಳಗೆ ಹೊತ್ತು ತರಬೇಕು.
ಝಂಸ್ಕಾರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ,
ಅಕ್ಟೋಬರ್ ಬಂತೆಂದರೆ ಬೆನ್ನಿಗೇ ಗೊತ್ತಾಗುತ್ತದೆ.
ಹನ್ನೊಂದು ಬುಟ್ಟಿ ಹೊತ್ತೆ. ಹನ್ನೆರಡನೆಯದಕ್ಕೆ
ಅತ್ತೆ ಬಾಗಿಲಲ್ಲಿ ನಿಂತು, ಸಾಕು ಯಾಂಗ್ಡೋಲ್, ಅಂದರು,
ಮೆಟ್ಟಿಲ ಕೆಳಗೆ ಕರುವಿಗೂ ಜಾಗ ಬೇಕಲ್ಲ.

ತೋಟವೆಂದರೆ ಎಷ್ಟು? ಎರಡು ಕಂಬಳಿ ಹಾಸಿದಷ್ಟು.
ಗೋಡೆಯಾಚೆ ತೊರೆ, ಈಚೆ ಒಂದು ವಿಲ್ಲೋ ಮರ,
ನಡುವೆ ಟರ್ನಿಪ್ಪು, ಮೂಲಂಗಿ, ಪಾಲಕ್, ನಾಲ್ಕು ಸಾಲು ಕ್ಯಾರೆಟ್ಟು.
ಗೆಡ್ಡೆಗಳನ್ನೆಲ್ಲ ಕಿತ್ತು ಗುಂಡಿಗಿಳಿಸಿ, ಹುಲ್ಲು ಮುಚ್ಚಿ, ಕಲ್ಲು ಹೇರಿದ ರಾತ್ರಿ
ಹಿಮ ಬಂತು.
ಬೆಳಗ್ಗೆ ಗೋಡೆ ಇರಲಿಲ್ಲ.

ಆಮೇಲೆ ಬೇಸಿಗೆಯವರೆಗೆ ತೋಟ ಇರುವುದು ಒಲೆಯ ಕೋಣೆಯಲ್ಲಿ:
ಕಿಟಕಿಯ ಹಾಲುಪುಡಿ ಡಬ್ಬದಲ್ಲಿ ಮೂರೆಳೆ ಈರುಳ್ಳಿ,
ಅತ್ತೆಯ ಮಾತಿನಲ್ಲಿ ಮುಂದಿನ ವರ್ಷದ ಕೋಸು,
ಗುಂಡಿಯ ತಳದಲ್ಲಿ ಕೆಂಪು ನೂಲು ಕಟ್ಟಿದ ಮೂರು ಟರ್ನಿಪ್ಪು.
ಅವು ಬೀಜಕ್ಕೆ. ಎಲ್ಲಕ್ಕಿಂತ ಚಂದದವು,
ಅದಕ್ಕೇ ತಿನ್ನಬಾರದವು.
ಫೆಬ್ರವರಿಯಲ್ಲಿ ಅವುಗಳಲ್ಲೊಂದನ್ನು ನಾನು ತಿಂದೆ.
ಹಸಿಹಸಿಯಾಗಿ, ಗುಂಡಿಯ ಬಾಯಲ್ಲೇ ಕುಕ್ಕರಗಾಲಲ್ಲಿ ಕೂತು,
ನೂಲನ್ನು ಜೇಬಿಗೆ ಹಾಕಿಕೊಂಡು.
ಅತ್ತೆ ಎಣಿಸಿದರು.
ಇಲಿ, ಅಂದರು, ನನ್ನ ಮುಖ ನೋಡದೆ.

ಮಾರ್ಚಿ ಕೊನೆಗೆ ಬಿಸಿಲಿಗೆ ಹಲ್ಲು ಬಂತು.
ಹಿಮ ಇನ್ನೂ ಮೊಣಕಾಲಮಟ್ಟ.
ಬಿಳುಪು ಬಿಸಿಲನ್ನು ಬಾಗಿಲಿಂದಲೇ ಕಳಿಸಿಬಿಡುತ್ತದೆ,
ಕಪ್ಪು ಒಳಗೆ ಕರೆದು ಕೂರಿಸುತ್ತದೆ.
ಅದಕ್ಕೇ ಈ ಮಣ್ಣು: ಹಿಮದ ಕಣ್ಣಿಗೆ ಎರಚಿ
ಎರಡು ವಾರದ ವಸಂತ ಕದಿಯಲಿಕ್ಕೆ.
ಚಳಿಗಾಲವಿಡೀ ಕರುವಿನ ಉಸಿರು ಕುಡಿದ ಮಣ್ಣು
ಮುಷ್ಟಿಯಲ್ಲಿ ಬೆಚ್ಚಗಿತ್ತು.

ಮಗಳು ದೆಚೆನ್‌ಗೆ ಆರು. ಒಲೆಯ ಬೂದಿಯಲ್ಲಿ ಬೆರಳಾಡಿಸಿ
ಕ, ಖ, ಗ, ಙ ಕಲಿತದ್ದು ಇದೇ ಚಳಿಗಾಲ.
ನಾವು ಬಿತ್ತುವ ಹಾಗೆ ಮಣ್ಣು ಬೀಸುತ್ತಿದ್ದರೆ
ಅವಳು ತನ್ನ ಪಾಲಿನ ಬುಟ್ಟಿ ಹಿಡಿದು
ಹಿಂದೆ ಹಿಂದೆ ನಡೆಯುತ್ತ ಹಿಮದ ಮೇಲೊಂದು ಕ ಬರೆದಳು.
ಎತ್ತಿನ ಗಾತ್ರದ ಕ. ನಮ್ಮ ಲಿಪಿಯ ಕ:
ಮೇಲೊಂದು ತಲೆಗೆರೆ, ಕೆಳಗೆ ಮೂರು ಕಾಲು, ಬಲಗಾಲು ಉದ್ದ.
ಮಣ್ಣಿರುವುದು ಬರೆಯಲಿಕ್ಕಲ್ಲ! ಅತ್ತೆ ಮೊರ ಎತ್ತಿದರು.
ಹೊತ್ತವಳು ನಾನು. ಸುಮ್ಮನಿದ್ದೆ.
ಆ ರಾತ್ರಿ ಮತ್ತೆ ಹಿಮ ಬಿದ್ದು ಎಲ್ಲವನ್ನೂ ಒರೆಸಿತು.
ದೆಚೆನ್ ಅತ್ತಳು, ಆಮೇಲೆ ಮರೆತಳು.

ಐದನೆಯ ದಿನ ಮಾಳಿಗೆಯಿಂದ ಅತ್ತೆಯ ಕೂಗು.
ಓಡಿ ಹತ್ತಿ ನೋಡಿದರೆ ಅಷ್ಟೂ ಬಿಳಿಯ ನಡುವೆ
ಕಪ್ಪಗೆ ಬಾಯ್ತೆರೆದ ಕ,
ಅಂಚಿಗೆ ನೀರು, ನೀರ ಮೇಲೆ ಆವಿ,
ಉದ್ದನೆಯ ಕಾಲಲ್ಲಿ ಹುಳ ಹುಡುಕುತ್ತಿರುವ ಒಂದು ಗುಬ್ಬಿ.
ಏನದು? ಅತ್ತೆಗೆ ಓದು ಬಾರದು.
ಕ, ಅಂದಳು ದೆಚೆನ್.
ಕ ಅಂದರೆ?
ಏನೂ ಇಲ್ಲ. ಬರೀ ಕ. ಮೊದಲನೆಯದು.

ಅತ್ತೆ ಕಾಯಲಿಲ್ಲ. ಉಳಿದ ತೋಟ ಬೆಳ್ಳಗಿರುವಾಗಲೇ
ಆ ಗೆರೆಗುಂಟ ಪಾಲಕ್ ಬೀಜ ಉದುರಿಸಿದರು,
ತಲೆಗೆರೆಯ ಎರಡು ತುದಿಗೆ ಎರಡು ಟರ್ನಿಪ್ಪು ಊರಿದರು,
ರಾತ್ರಿಗಳಲ್ಲಿ ಹಳೆಯ ಗೋಣಿ ಹೊದಿಸಿದರು.
ಹಿಮವೆಲ್ಲ ಕರಗಿ ತೋಟ ಬರೀ ಕೆಸರಾದಾಗ
ಕ ಎಲ್ಲಿತ್ತೋ ಯಾರಿಗೂ ತಿಳಿಯಲಿಲ್ಲ.
ಮೇ ತಿಂಗಳ ಮೂರನೆಯ ವಾರ ಹಸಿರಾಗಿ ಎದ್ದು ನಿಂತಿತು,
ಸ್ವಲ್ಪ ಸೊಟ್ಟ.
ತೊರೆಯ ಕಡೆಯಿಂದ ನೋಡಿದರೆ ಮೂರೂ ಕಾಲು ಮೇಲೆ.

ಈಗ ಕಳೆ ಕೀಳುತ್ತ ಅತ್ತೆ ಅದರ ಮೇಲೆ ಮೊಣಕಾಲೂರಿ ಸಾಗುತ್ತಾರೆ,
ತಲೆಯಿಂದ ಕಾಲಿಗೆ, ಮತ್ತೆ ತಲೆಗೆ, ಇನ್ನೊಂದು ಕಾಲಿಗೆ.
ತುಟಿ ಅಲುಗುತ್ತದೆ. ಮಂತ್ರವಿರಬಹುದು, ಕ ಇರಬಹುದು.
ನಿನ್ನೆ ಥುಕ್ಪಾಕ್ಕೆಂದು ಉದ್ದನೆಯ ಕಾಲನ್ನೇ ಕೊಯ್ದು ತಂದರು;
ಈಗ ಉಳಿದದ್ದು ಯಾವ ಅಕ್ಷರ, ಎಂದು ಮೊಮ್ಮಗಳನ್ನು ಕೇಳಿದರು.
ಕುಂಟ ಕ, ಅಂದಳು ಅವಳು, ಬಾಯ್ತುಂಬ ಪಾಲಕ್.

ಬೀಜದ ಟರ್ನಿಪ್ಪು ಹಳದಿ ಹೂ ಬಿಟ್ಟಿವೆ, ಎರಡೇ ಎರಡು.
ಜೇಬಿನ ಕೆಂಪು ನೂಲನ್ನು, ಯಾರೂ ಇಲ್ಲದ ಹೊತ್ತಲ್ಲಿ,
ಒಂದರ ದಂಟಿಗೆ ಕಟ್ಟಿ ಬಂದೆ.
ಅದಕ್ಕೆ ಆಗಲೇ ಒಂದಿತ್ತು.