ಅಂದಾಜು ನಲವತ್ತು

ನನ್ನ ಎಡಗಿವಿ ಹೋಗಿ ಆರು ವರ್ಷ ಆತು.
ಲೇಥಿನ ಕೂಡ ಬಾಳೇವು ಮಾಡಿದವರ ಕಿವಿ
ಒಂದ ದಿನಕ್ಕ ಹೋಗೂದಿಲ್ಲ, ಅಕ್ಷರ ಅಕ್ಷರ ಹೋಗತೈತಿ:
ಮೊದಲ ಸ, ಆಮ್ಯಾಲೆ ಶ,
ಆಮ್ಯಾಲೆ ಅಡಗಿಮನ್ಯಾಗಿಂದ ಹೆಂಡತಿ ಕರದದ್ದು.

ಅಂಥಾವನ ಶೆಡ್ಡಿಗೆ ಬಂದ್ರು ಮೂರು ಮಂದಿ.
ಗೋಕುಲ ರೋಡು, ಕಾರ್ತೀಕದ ಥಂಡಿ.
ನೀವು ಕೆಲಸ ನಿಲ್ಲಿಸಿದ ಮ್ಯಾಲೆ, ರಾತ್ರಿ ಒಂಬತ್ತರಿಂದ ಹನ್ನೆರಡು
ಬಾಡಿಗಿಗೆ ಕೊಡ್ರಿ, ಅಂದ್ರು.
ಏನ ಮಾಡವ್ರು?
ಒದರವ್ರು, ಅಂದ್ಲು ದಾಕ್ಷಾಯಣಿ.
ಪಂಕ್ ಅಂತಾರ್ರಿ ಇದಕ್ಕ, ಅಂದ ಕಲ್ಮೇಶ.
ಪಂಕ ಅಂದ್ರ ಕೆಸರು,
ಅಷ್ಟು ಕನ್ನಡ ನನಗೂ ಬರತೈತಿ.

ಕಲ್ಮೇಶನ ಡ್ರಮ್ಮಿನ ತಾಟು ಸೀಳಿತ್ತು, ನಾನ ವೆಲ್ಡ್ ಮಾಡಿಕೊಟ್ಟೆ.
ವೆಲ್ಡಾದ ಕಂಚು ನಗೂದಿಲ್ಲ, ಕೆಮ್ಮತೈತಿ.
ಅದ ಬೇಕಾಗಿತ್ತು, ಅಂದ.
ಮೌಲಾಲಿ ನದಾಫನ ಅಜ್ಜ ಮಂದಿ ಗಾದಿಗೆ ಅರಳಿ ಹಿಂಜತಿದ್ದ,
ಒಂದ ತಂತಿ ಬಿಲ್ಲು, ಢಂಯ್, ಢಂಯ್,
ಓಣಿ ತುಂಬ ಹಾರೂ ಬಿಳಿ.
ಮೊಮ್ಮಗನ ಗಿಟಾರಿಗೆ ನಾಕು ತಂತಿ.
ಮೂರು ಹೆಚ್ಚಿಗಿ ಆದ್ವು, ಅಂತಾನ.

ದಾಕ್ಷಾಯಣಿ ಹಗಲೊತ್ತು ದವಾಖಾನಿ ಶವಾಗಾರದ ಕಾರಕೂನಿ.
ಯಾರೂ ಹುಡುಕ್ಕೋತ ಬರದವರಿಗೆ
ದಪ್ಪ ವಹಿಯೊಳಗ ಮೂರು ಗೀಟು ಜಾಗಾ:
ಹೆಸರು ಗೊತ್ತಿಲ್ಲ. ಗಂಡಸು. ಅಂದಾಜು ನಲವತ್ತು.
ನೀಲಿ ಚೌಕಡಿ ಅಂಗಿ. ಸಿಕ್ಕದ್ದು ಹಳೇ ಬಸ್ ಸ್ಟ್ಯಾಂಡಿನ್ಯಾಗ.
ಕಿಸೆದಾಗ ಎರಡು ರೂಪಾಯಿ, ಒಂದು ಕೀಲಿಕೈ.

ಅಷ್ಟ. ಒಂದು ಶಬ್ದ ಕೂಡಿಸಲಿಲ್ಲ, ತಗೀಲಿಲ್ಲ,
ಅದನ್ನ ಒದರಿದ್ಲು.
ಆಲ್ಬಮ್ಮಿನ ಮೊದಲನೇದು ಅದು, ಒಂದೂವರಿ ಮಿನಿಟು.
ಕೊನೀಗೆ ಬರೇ ಕೀಲಿಕೈ, ಕೀಲಿಕೈ, ಯಾವ ಕೀಲೀದು,
ಗಂಟಲ ಹರದು ಕಬ್ಬಣದ ಚೂರು ಬೀಳೂ ಹಂಗ.
ನನಗ ಆಗ ನಲವತ್ತೊಂದು.

ಬಾಜೂಕಿನ ಬೇರಿಂಗ್ ಅಂಗಡಿ ಚನವೀರಗೌಡ್ರು ಬಂದು ಬೈದು ಹೋದ್ರು:
ಸಂಗೀತ ಇಪ್ಪತ್ತು ಕಿಲೋಮೀಟರ್ ಆಕಡೆ ಧಾರವಾಡದಾಗ ಐತಿ,
ಅಲ್ಲಿ ಹೋಗಿ ತಂಬೂರಿ ಮುಂದ ಕುಂಡ್ರ್ರಿ,
ಇಷ್ಟ್ಯಾಕ ಜೋರು?
ಅವರ ಕಿವಿ ಎರಡೂ ಛಲೋ ಅದಾವ, ಅವರಿಗೆ ಹೆಂಗ ಹೇಳಲಿ.
ಜೋರು ಅಂದ್ರ ನನಗ ಪಕ್ಕಡಿಗೆ ಕೇಳಸತೈತಿ,
ಎಡಗಿವಿ ಬಿಟ್ಟ ಜಾಗಾದಾಗ ಎಲುಬು ಕುಂತು ಕೇಳತೈತಿ.

ಏಳನೇದಕ್ಕ ಹೆಸ್ಕಾಂದವ್ರು ಕರೆಂಟು ತಗದ್ರು.
ಗಿಟಾರು ಸತ್ತಿತು. ಬಲ್ಬು ಸತ್ತಿತು.
ರಿಕಾರ್ಡು ಮಾತ್ರ ಮೊಬೈಲ್ ಬ್ಯಾಟರಿ ಮ್ಯಾಲೆ ನಡದಿತ್ತು,
ಕಲ್ಮೇಶನ ಕೈ ಕತ್ತಲಿಗೆ ಹೇಸಲಿಲ್ಲ,
ಆಕಿ ಮೈಕಿಲ್ಲದ ನಿಂತು ಕೇಳಾಕ ಹತ್ತಿದ್ಲು,
ತಗಡಿಗೆ, ಎಣ್ಣಿ ಡಬ್ಬಿಗೆ, ಮ್ಯಾಲ ಯಾವನಿಗೋ:
ನಾ ಅದೀನೋ, ಇಲ್ಲೋ?
ನಾ ಅದೀನೋ, ಇಲ್ಲೋ?

ಅದು ಹಾಡಿನ ಮಾತು. ನನಗ ಗೊತ್ತಿರಲಿಲ್ಲ.
ಡ್ರಿಲ್ಲಿಂಗ್ ಮಶೀನಿನ ಹಿಂದ ಸ್ಟೂಲಿನ ಮ್ಯಾಲೆ ಕುಂತಾಂವ
ತಡೀಲಾರದ ಅಂದುಬಿಟ್ಟೆ:
ಅದೀ ತಂಗಿ, ಅದೀ.

ಅವರದನ್ನ ತಗೀಲಿಲ್ಲ. ಹಂಗ ಬಿಟ್ಟಾರ ಆಲ್ಬಮ್ಮಿನ್ಯಾಗ.
ಕಲ್ಮೇಶ ಬಲಗಿವಿಗೆ ಯಂತ್ರ ಸಿಗಿಸಿ ಮೂರು ಸಲ ಹಚ್ಚಿದ,
ಈಗ, ಈಗ ನೋಡ್ರಿ, ಅಂತ ಬಟ್ಟು ಎತ್ತಿದ.
ಡ್ರಮ್ಮು ಕೇಳಸ್ತು. ಆಕಿ ಕೇಳಿದ್ದು ಕೇಳಸ್ತು.
ನಾ ಅಂದದ್ದು ಕೇಳಸಲಿಲ್ಲ.
ನನ್ನ ದನಿ ಇರೂ ಜಾಗಾದಾಗ
ಲೇಥು ಆರಿಸಿದ ಮ್ಯಾಲೆ ಉಳಿಯೂ ಸುಂಯ್ ಅನ್ನೂದೊಂದು ಇತ್ತು.

ಮರುದಿನ ಶೆಡ್ಡಿನ ಕೀಲಿಕೈ ಇನ್ನೊಂದು ಮಾಡಿಸಿ ಅವರ ಕೈಯಾಗ ಕೊಟ್ಟೆ.
ನಾಳೆ ನನ್ನ ಕಿಸೆದಾಗ ಒಂದು ಸಿಕ್ಕರ
ಯಾವ ಕೀಲೀದು ಅಂತ ಹೇಳಾಕ ಮೂರು ಮಂದಿ ಆದ್ರು.

ಬಾಡಿಗಿ ಎರಡು ತಿಂಗಳದ್ದು ಬಾಕಿ ಐತಿ.
ಕೇಳಬೇಕು ಅಂದ್ರ ಒದರಬೇಕು.